ಒಂಬತ್ತು ದಿನದ ಕಪ್ಪು

ಆ ಬಂದರು ಪಟ್ಟಣದಲ್ಲಿ ಕೊಲೆ ಮಾಡಿದವರ ಕೈ ಮಣಿಕಟ್ಟಿನವರೆಗೆ ಕಪ್ಪಾಗುತ್ತಿತ್ತು, ಆ ಕಪ್ಪು ಅವರು ಸಾಯುವವರೆಗೂ ಬಿಡುತ್ತಿರಲಿಲ್ಲ. ಹಿಂದೆಲ್ಲ ಅಂಥ ಕೈ ಕಂಡರೆ ನೇಣು. ಆದರೆ ತತ್ತ್ವಜ್ಞಾನಿ ಮೆಲಿಟಾಳನ್ನು ಕಲ್ಲು ಹೊಡೆದು ಕೊಂದ ಗುಂಪೇ ಈಗ ನಗರಸಭೆಯಲ್ಲಿ ಕೂತಿತ್ತು. ಕೈ ಕಪ್ಪಿಲ್ಲದವನಿಗೆ ಅಲ್ಲಿ ಕೆಲಸವೂ ಇಲ್ಲ, ಮಾತೂ ಇಲ್ಲ. ಹಾಗಾಗಿ ಬಣ್ಣಗಾರ್ತಿ ತಯೇಸಿಗೆ ಕದ್ದುಮುಚ್ಚಿ ಕೈಗೆ ಬಣ್ಣ ಹಾಕುವ ಕಸುಬು ಕುದುರಿತ್ತು. ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು.

ಆ ಮಧ್ಯಾಹ್ನ ಮುಸುಕು ಹಾಕಿಕೊಂಡವನೊಬ್ಬ ಬಂದು ಕೈ ಚಾಚಿದ. ಬೆರಳ ಸಂದಿಯಲ್ಲಿ ಹಳೆಯ ಬಣ್ಣ ಮಾಸಿತ್ತು.

“ಯಾರಣ್ಣ ಹಾಕಿದ್ದು? ಸರಿಯಾಗಿ ಕುದಿಸೇ ಇಲ್ಲ,” ಎಂದು ತಯೇಸಿ ನಕ್ಕಳು.

“ಅವನು ಕೆಮ್ಮಿ ಕೆಮ್ಮಿ ಸತ್ತ. ನಂಬಿಗಸ್ತ.”

ಆ ಧ್ವನಿ ಊರಿಗೆಲ್ಲ ಗೊತ್ತು. ಮೊದಲ ಕಲ್ಲು ತನ್ನದೆಂದು ದಿನಾ ಕಟ್ಟೆ ಹತ್ತಿ ಸಾರುತ್ತಿದ್ದ ಸಭಾಧ್ಯಕ್ಷ ಜೊಯಿಲಸ್‌ನ ಧ್ವನಿ. ತಯೇಸಿ ಅವನ ಕೈಗಳನ್ನು ಬಣ್ಣದಲ್ಲಿ ಅದ್ದಿದಳು.

“ಎಷ್ಟು ದಿನ ನಿಲ್ಲುತ್ತೆ?”

“ಒಂಬತ್ತು ದಿನ, ಒಡೆಯ.”

“ಹೋಗದಂಥದ್ದು ಇಲ್ವಾ?”

“ನನ್ನ ಹತ್ರ ಇಲ್ಲ.”

ಜೊಯಿಲಸ್ ಒದ್ದೆ ಕೈಯಲ್ಲೇ ಬಾಗಿಲಿಗೆ ಹೋಗಿ ಬೀದಿಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ.

“ಇದೆಯಲ್ಲ, ತಾಯಿ,” ಎಂದು ಒಳಗಿನಿಂದ ಅಗುಳಿ ಹಾಕಿದ.