ಅಳುವಿಗೊಂದು ಜಾಗ

ಛತ್ರದಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಶುರುವಾಗಿತ್ತು. ಹಾಲಿನ ಬಟ್ಟಲಿನ ಮೇಲೆ ಮಗಳ ಕೈ ಹಿಡಿದ ಅಪ್ಪ ಬಿಕ್ಕುತ್ತಿದ್ದರೆ, ಮದುಮಗಳು ಇಂಚರಾ ಹಲ್ಲು ಬಿಟ್ಟು ನಗುತ್ತಿದ್ದಳು.

"ಎಂಥ ಕಲ್ಲು ಮನಸ್ಸಪ್ಪಾ ಈ ಹುಡುಗೀದು!" ಎಂದರು ಯಾರೋ.

ಮದುವೆಗೆಂದು ಮದುಮಗಳ ಮುಖ ಹೊಂದಿಸಿಕೊಟ್ಟಿದ್ದ ವಿಮಲಾಕ್ಷಿ ಹತ್ತಿರ ಬಂದು ಆ ನಗುವನ್ನು ದಿಟ್ಟಿಸಿದಳು. ಮುಖವೂ ವೆಬ್‌ಸೈಟಿನ ಹಾಗೆಯೇ: ನಗು, ಅಳು ತರುವುದು ಒಳಗೆ ಜೋಡಿಸಿದ ಸಾಫ್ಟ್‌ವೇರ್ ತುಣುಕು, ಪ್ಲಗಿನ್. ಅವಕ್ಕೆ ಮುಖದಲ್ಲಿ ಜಾಗ ಕೊಡುವುದು ಮೇಲೆ ಹಾಕಿದ ಥೀಮ್, ಅಂದರೆ ಹೊರಗಿನ ವಿನ್ಯಾಸ. ಕಾಡಿಗೆ ಕರಗಿ ಇಳಿಯಬಾರದೆಂದು ಅವಳು ಈ ಥೀಮಿನಲ್ಲಿ ಅಳುವಿನ ಜಾಗವನ್ನೇ ತೆಗೆದುಹಾಕಿದ್ದಳು. ಆರ್ಡರ್ ಕೊಟ್ಟಿದ್ದ ಗಂಡಿನ ತಾಯಿ ಸರ್ವಮಂಗಳಮ್ಮನವರಿಗೂ ಅದು ಒಪ್ಪಿಗೆಯಾಗಿತ್ತು.

ವಿಮಲಾಕ್ಷಿ ಹುಡುಗಿಯನ್ನು ಡ್ರೆಸ್ಸಿಂಗ್ ರೂಮಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. "ಅಳು ಬರ್ತಿದೆಯೇನಮ್ಮಾ?"

"ಬೆಳಗ್ಗೆಯಿಂದ ಅಳ್ತಾನೇ ಇದೀನಿ ಅಕ್ಕಾ. ಅಪ್ಪಂಗೆ ಕಾಣ್ತಾನೇ ಇಲ್ಲ," ಎಂದಳು ಇಂಚರಾ, ನಗುಮುಖದಲ್ಲೇ.

"ತಪ್ಪು ನಂದು. ಕಣ್ಣೀರು ಹೇಗೆ ಕಾಣ್ಬೇಕು ಅಂತ ಥೀಮ್ ಹೇಳ್ಲಿ. ಕಾಣ್ಲೇಬಾರದು ಅನ್ನೋಕೆ ಅದ್ಯಾರು?"

ಅವಳು ಹುಡುಗಿಯ ಕಣ್ಣಂಚನ್ನು ಬೆರಳಿನಿಂದ ಒತ್ತಿ ಜಾಗ ತೆರೆದಳು. ಕಾಡಿಗೆಯೆಲ್ಲ ಕೆನ್ನೆಗಿಳಿಯಿತು. ಇಂಚರಾ ಅಪ್ಪನ ಬಳಿಗೆ ಓಡಿದಳು.

ಬಾಗಿಲಲ್ಲಿ ಸರ್ವಮಂಗಳಮ್ಮ ಎಂದಿನಂತೆ ನಗುತ್ತ ನಿಂತಿದ್ದರು. ಇನ್ನು ಬೈಗುಳ ತಪ್ಪದು ಎಂದುಕೊಂಡಳು ವಿಮಲಾಕ್ಷಿ. ಅವರು ಒಳಗೆ ಬಂದು, ಬಾಗಿಲು ಹಾಕಿ, ಅದೇ ಕುರ್ಚಿಯಲ್ಲಿ ಕೂತರು.

"ನಂದೂ ಒಂಚೂರು ನೋಡಮ್ಮಾ. ಈ ಥೀಮ್ ನನ್ನ ಮದುವೇಲಿ ಹಾಕಿದ್ದು. ನಮ್ಮಪ್ಪ ತೀರಿಕೊಂಡಾಗ್ಲೂ ಹೀಗೇ ನಗ್ತಾ ಕೂತಿದ್ದೆ."