ಒಂದೇ ಆವಿಗೆಯ ಎರಡು ಗಡಿಗೆ

“ಒಡದು ಹಾಕ್ತೀನಿ!” ಎಂದು ಕೋಲೆತ್ತಿಕೊಂಡೇ ದೇವೇಂದ್ರಪ್ಪ ಕುಂಬಾರರ ನೀಲಗಂಗವ್ವನ ಅಂಗಳಕ್ಕೆ ನುಗ್ಗಿದ.

ಅಲ್ಲಿ ಎರಡು ಗಡಿಗೆಗಳಿದ್ದವು. ಒಂದು ಬೆಟಗೇರಿಯ ಕೆಮ್ಮಣ್ಣಿನದು. ಇನ್ನೊಂದು ಕ್ಯಾಲಿಫೋರ್ನಿಯಾದಿಂದ ವಿಮಾನ ಹತ್ತಿ ಬಂದ ಬಿಳಿ ಮಣ್ಣಿನದು. ಒಂದೇ ಆವಿಗೆಯಲ್ಲಿ ಸುಟ್ಟು, ಮಗ್ಗದ ರೇಷ್ಮೆ ಎಳೆ, ತಾಮ್ರದ ತಂತಿ ಸುತ್ತಿ ಎರಡನ್ನೂ ಬಿಗಿದಿದ್ದಳು ಕಾಂಚನಾ. ದೇವೇಂದ್ರಪ್ಪನ ತಮ್ಮನ ಮಗಳು, ಹುಟ್ಟಿದ್ದು ಅಮೆರಿಕದಲ್ಲಿ. ಮರುದಿನ ಗದಗಿನ ಪ್ರದರ್ಶನದಲ್ಲಿ ಇವು ನಿಲ್ಲಬೇಕಿತ್ತು.

“ಏನಿದು?”

“ಒಂದು ನಾನು, ಇನ್ನೊಂದು ಸೂಮಿನ್,” ಎಂದಳು ಕಾಂಚನಾ. ಪಕ್ಕದಲ್ಲಿ ಮಣ್ಣುಗೈಯಲ್ಲಿ ನಿಂತಿದ್ದವಳೇ ಸೂಮಿನ್, ಕೊರಿಯಾ ಮೂಲದ ಅಮೆರಿಕದ ಹುಡುಗಿ. “ಅಲ್ಲಿ ನಮಗ ಎಲ್ಲ್ಯಾವರು ಅಂತಾರ. ಇಲ್ಲಿ ಯಾರವರು ಅಂತಾರ. ಅದಕ್ಕ ಮಣ್ಣಿನ್ಯಾಗ ಹೇಳೇನಿ, ದೊಡ್ಡಪ್ಪ.”

“ಗೆಳತ್ಯಾರು ಅಂತ ಬರದಿಡು. ಯಾರೂ ಏನೂ ಅನ್ನೂದಿಲ್ಲ.”

“ಗೆಳತ್ಯಾರಲ್ಲ, ಜೋಡಿ. ಸುಳ್ಳು ಬರಿಯಂಗಿಲ್ಲ.”

ಕೋಲು ಮೇಲೇರಿತು. ಅದನ್ನು ತಡೆದು ಹಿಡಿದವಳು ಬೆನ್ನ ಹಿಂದೆಯೇ ಬಂದಿದ್ದ ಹೆಂಡತಿ ಶೇಖವ್ವ. ಬೆಳಗಿನ ಚಹಾದ ಜೊತೆ ಈ ಖಬರು ಕೊಟ್ಟವಳೂ ಅವಳೇ.

“ಒಡದ್ರ ಓಣಿ ಕೂಡತೈತ್ರಿ. ಮನಿಗೆ ಒಯ್ದು ದೇವರ ಖೋಲ್ಯಾಗಿಟ್ಟು ಕೀಲಿ ಹಾಕೂನು. ಯಾರ್ ನೋಡ್ತಾರ?”

ಮದುವೆಯಾದ ಮೇಲೆ ಮೊದಲ ಸಲ ದೇವೇಂದ್ರಪ್ಪನಿಗೆ ಹೆಂಡತಿಯ ಬುದ್ಧಿಯ ಮೇಲೆ ಅಭಿಮಾನ ಉಕ್ಕಿತು.

ನೀಲಗಂಗವ್ವ ಅಡ್ಡ ನಿಂತಳು. “ಸುಮ್ನ ಒಯ್ಯಾಕ ಇವೇನ್ ಸಂತಿ ಗಡಿಗೇನ್ರಿ ಯಜಮಾನ್ರ? ಗಡಿಗಿ ತಿರುವಿದ ತಿಗರಿಗೆ ಪೂಜಿ ಆಗಬೇಕು. ನನಗ ಉಡಿ ತುಂಬಬೇಕು.”

“ಏನ್ ತುಂಬ್ತೀರೋ ತುಂಬ್ರಿ, ಜಲ್ದಿ!”

ಶೇಖವ್ವನ ಚೀಲದಿಂದ ಅಕ್ಕಿ, ತೆಂಗಿನಕಾಯಿ, ಖಣ ಹೊರಬಂದವು. ಹೆಂಗಸರ ಚೀಲ, ದೇವೇಂದ್ರಪ್ಪ ಕೇಳಲಿಲ್ಲ. ಹೆಂಗಸರ ಶಾಸ್ತ್ರವೆಂದರೆ ಅವನಿಗೆ ಹೋಳಿಗೆ ಬಡಿಸುವವರೆಗಿನ ಕಾಯುವಿಕೆ, ಅಷ್ಟೇ.

ಗುಟ್ಟಾಗಿ ಸಾಗಬೇಕಿದ್ದ ಗಡಿಗೆಗಳು ಬುಟ್ಟಿಯಲ್ಲಿ, ಶೇಖವ್ವನ ತಲೆಯ ಮೇಲೆ ಹೊರಟವು. ಮುಂದೆ ಹಲಗಿ ಬಾರಿಸುವವರು. ಹಿಂದೆ ಓಣಿಯ ಹೆಂಗಸರು, ಅವರ ಹಾಡು.

“ಈ ಹಲಗಿ ಯಾಕ?” ದೇವೇಂದ್ರಪ್ಪ ಹಲ್ಲು ಕಡಿದ.

“ಕುಂಬಾರ್ರ ಮನಿ ರೀತಿರಿ. ತುಸು ನಗ್ರಿ, ಮಂದಿ ನೋಡಾಕತ್ತಾರ,” ಎಂದಳು ಶೇಖವ್ವ.

ದೇವೇಂದ್ರಪ್ಪ ನಕ್ಕ. ಕೆಲವರಿಗೆ ಕೈ ಕೂಡ ಮುಗಿದ.

ಕಾಂಚನಾ ಸೂಮಿನ್‌ಳ ಕೈ ಬಿಡದೆ ನಡುಬೀದಿಯಲ್ಲೇ ನಡೆದಳು. “ಕೀಲಿ ಹಾಕ್ರಿ ದೊಡ್ಡಪ್ಪ. ನಾವು ಮತ್ತ ಮಾಡ್ತೀವಿ. ನೀವು ಒಯ್ದಂಗೆಲ್ಲಾ ಮಾಡ್ತೀವಿ.”

ಮನೆಯಲ್ಲಿ ಗಡಿಗೆಗಳು ದೇವರ ಮುಂದೆ ಕುಳಿತವು. ದೇವೇಂದ್ರಪ್ಪ ಬೀಗ ತರುವಷ್ಟರಲ್ಲಿ ಶೇಖವ್ವ ಹುಡುಗಿಯರಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಕೆನ್ನೆಗೆ ಅರಿಷಿಣ ಹಚ್ಚುತ್ತಿದ್ದಳು.

“ಬೀಗ ಇಡ್ರಿ, ಹಂದರದಾವರನ್ನ ಕರೀರಿ. ಊರ ಮುಂದ ನೀವ ನಿಂತು ಕುಂಬಾರ್ರ ಮನಿಯಿಂದ ಮದುವಿ ಗಡಿಗಿ, ಐರಾಣಿ ತಂದೀರಿ; ಐರಾಣಿ ಬಂದ ಮನ್ಯಾಗ ಮದುವಿ ನಿಂತದ್ದು ಎಲ್ಲೆರೆ ಕೇಳೀರೇನು?”