ತಪ್ಪೊಪ್ಪಿಗೆ

ಇನ್ನು ಆರೇ ತಿಂಗಳು ಎಂದು ಡಾಕ್ಟರು ಹೇಳಿದ ದಿನ ನಿವೃತ್ತ ಪ್ರಿನ್ಸಿಪಾಲ ವಿರೂಪಾಕ್ಷಯ್ಯನವರಿಗೆ ತಮಗೂ ಆತ್ಮಸಾಕ್ಷಿ ಎಂಬುದೊಂದಿದೆ ಎಂದು ನೆನಪಾಯಿತು. ಹದಿನೆಂಟು ವರ್ಷಗಳ ಹಿಂದೆ ಅಕ್ಕನ ಮಗನಿಗಾಗಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಕದ್ದವರು ಅವರೇ. ಅಪವಾದ ಕಾಲೇಜಿನ ಟೈಪಿಸ್ಟ್ ನೀಲಾಂಬಿಕೆಯ ತಲೆಗೆ ಬಂತು, ಅವಳ ಕೆಲಸ ಹೋಯಿತು. ಅಂದಿನಿಂದ ಅವಳು ಬಟ್ಟೆ ಹೊಲಿದು ಬದುಕುತ್ತಿದ್ದಳು.

ನಡೆದದ್ದೆಲ್ಲವನ್ನೂ ಬರೆದು ಸಹಿ ಹಾಕಿದ ಕಾಗದವನ್ನು ಅವರು ಅವಳ ಕೈಗಿಟ್ಟು ಅತ್ತರು.

"ಇಷ್ಟು ವರ್ಷ ಹೆಸರು, ಗೌರವ ಅಂತ ಒದ್ದಾಡಿದೆನಮ್ಮ. ಈಗ ಯೋಚಿಸಿದ್ರೆ ಬದುಕಿನಲ್ಲಿ ನಂಗೆ ಬೇಕಾಗಿರೋದು ಸತ್ಯ ಒಂದೇ. ಇದನ್ನ ಯಾರಿಗೆ ಬೇಕಾದ್ರೂ ತೋರಿಸು."

ಹತ್ತು ದಿನ ಕಳೆದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ರಿಪೋರ್ಟ್ ಅದಲುಬದಲಾಗಿತ್ತು, ಅವರಿಗಿದ್ದದ್ದು ಬರೀ ಹೊಟ್ಟೆಹುಣ್ಣು. ಹೆಂಡತಿಗೂ ಹೇಳದೆ ಅವರು ಆಟೋ ಹಿಡಿದು ನೀಲಾಂಬಿಕೆಯ ಮನೆಗೆ ಓಡಿದರು.

"ನಂಗೆ ಕಾಯಿಲೆ ಇಲ್ವಂತೆ. ಆ ಕಾಗದ ಎಲ್ಲಮ್ಮ?"

ಅವಳು ಹೊಲಿಗೆ ಮಿಷನ್ ನಿಲ್ಲಿಸಿದಳು. "ಒಳ್ಳೇದಾಯ್ತು ಸಾರ್. ಕಾಗದಾನ ಅವತ್ತೇ ಸುಟ್ಟುಹಾಕ್ದೆ."

"ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ. ಸಾಯೋ ಹೊತ್ನಲ್ಲಿ ನಿಮ್ಮ ಮರ್ಯಾದೆ ಯಾಕೆ ಕಳೀಬೇಕು ಅನ್ನಿಸ್ತು. ನೀವಾಗೇ ಬಂದು ತಪ್ಪು ಒಪ್ಕೊಂಡ್ರಲ್ಲ, ನಂಗಷ್ಟೇ ಸಾಕಾಗಿತ್ತು."

ವಿರೂಪಾಕ್ಷಯ್ಯನವರು ದೀರ್ಘವಾಗಿ ಉಸಿರುಬಿಟ್ಟು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಎದ್ದು ನಿಂತು ಅಂಗಿ ಸರಿಮಾಡಿಕೊಂಡಾಗ ಅವರ ದನಿಗೆ ಪ್ರಿನ್ಸಿಪಾಲರ ಹಳೆಯ ಗತ್ತು ಬಂದಿತ್ತು.

"ಒಪ್ಕೊಂಡ್ನಾ? ನಾನು? ಏನನ್ನ?"